ಹಲ್ಲು ಕೊರೆಯುವ ಮುನ್ನ

ಹುಳುಕು ಯಾವ ಹಂತದಲ್ಲಿದೆ ಎಂದು ಮೊದಲು ಗುರುತಿಸಿ, ಆ ಹಂತಕ್ಕೆ ಬೇಕಾದಷ್ಟೇ ಕೈಹಾಕಿ, ಗಟ್ಟಿಯಾಗಿರುವ ಹಲ್ಲನ್ನು ಆದಷ್ಟೂ ಮುಟ್ಟದೆ ಬಿಡುವ ಕ್ರಮವನ್ನು ಮಿತ ಕೊರೆತದ ದಂತಚಿಕಿತ್ಸೆ ಎನ್ನಬಹುದು. ಇದು ಯಾವುದೋ ಒಂದು ಯಂತ್ರದ ಅಥವಾ ಮದ್ದಿನ ಹೆಸರಲ್ಲ. ಬಳಿಯುವ ದ್ರವ, ಹಚ್ಚುವ ವಾರ್ನಿಷ್, ತುಂಬುವ ಸಿಮೆಂಟ್, ಕೂರಿಸುವ ಕ್ಯಾಪ್, ಬೇಕಾದಾಗ ಡ್ರಿಲ್ ಕೂಡ ಇದರಲ್ಲಿ ಸೇರುತ್ತವೆ. ಯಾವುದನ್ನು ಯಾವಾಗ, ಎಷ್ಟು ಬಳಸಬೇಕು ಎಂಬ ಲೆಕ್ಕಾಚಾರವೇ ಇದರ ತಿರುಳು.

ನವಿ ಮುಂಬಯಿಯ ವಾಶಿಯಲ್ಲಿ ದಂತಚಿಕಿತ್ಸಾಲಯಗಳಿಗೆ ಕೊರತೆಯಿಲ್ಲ. ಒಂದೇ ಹಲ್ಲಿಗೆ ಒಂದು ಕಡೆ ‘ಫಿಲ್ಲಿಂಗ್ ಸಾಕು’ ಎಂದೂ ಇನ್ನೊಂದು ಕಡೆ ‘ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು’ ಎಂದೂ ಸಲಹೆ ಸಿಗುವುದು ಅಪರೂಪವಲ್ಲ. ಇದಕ್ಕೆ ಯಾವಾಗಲೂ ಹಣದಾಸೆಯೇ ಕಾರಣ ಎನ್ನಲಾಗದು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬಂದ ಅಧ್ಯಯನಗಳು ಹುಳುಕಿನ ಚಿಕಿತ್ಸೆಯ ಹಲವು ಹಳೆಯ ನಿಯಮಗಳನ್ನು ತಿದ್ದಿವೆ. ಹೊಸ ನಿಯಮ ಎಲ್ಲ ಕುರ್ಚಿಗಳ ತನಕ ಒಂದೇ ವೇಗದಲ್ಲಿ ತಲುಪಿಲ್ಲ. ಯಾವ ವಿಧಾನಕ್ಕೆ ಎಷ್ಟು ಪುರಾವೆಯಿದೆ ಎಂದು ತಿಳಿದಿದ್ದರೆ ರೋಗಿಗೂ ಪಾಲಕರಿಗೂ ಪ್ರಶ್ನೆ ಕೇಳುವುದು ಸುಲಭವಾಗುತ್ತದೆ.

ಹೆಚ್ಚು ಕೊರೆಯುವ ರೂಢಿ ಎಲ್ಲಿಂದ ಬಂತು

ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರಲ್ಲಿ ಪ್ರಕಟಿಸಿದ ಪಠ್ಯ ದಶಕಗಳ ಕಾಲ ದಂತವೈದ್ಯರ ಕೈ ನಡೆಸಿತು. ಹುಳುಕಾದ ಭಾಗದ ಜತೆಗೆ ಮುಂದೆ ಹುಳುಕಾಗಬಹುದಾದ ಪಕ್ಕದ ಸಂದುಗಳನ್ನೂ ಸೇರಿಸಿ ಕೊರೆಯಬೇಕು ಎಂಬುದು ಅವರ ನಿಯಮ. ಆ ಕಾಲಕ್ಕೆ ಅದಕ್ಕೆ ಕಾರಣವೂ ಇತ್ತು. ಆಗ ಬಳಸುತ್ತಿದ್ದ ಅಮಾಲ್ಗಮ್, ಅಂದರೆ ಜನ ‘ಬೆಳ್ಳಿ ಫಿಲ್ಲಿಂಗ್’ ಎನ್ನುವ ಪಾದರಸದ ಮಿಶ್ರಣ, ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದಾಗಿ ಬುಡ ಅಗಲವಾಗಿರುವ ಕುಳಿ ತೋಡಿದರೆ ಮಾತ್ರ ಅದು ಒಳಗೆ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾಗಿ ಸಣ್ಣ ಹುಳುಕಿಗೂ ದೊಡ್ಡ ಕುಳಿ ಬೇಕಾಯಿತು.

ಹಲ್ಲಿಗೆ ಅಂಟುವ ವಸ್ತುಗಳು ಬಂದ ಮೇಲೆ ಈ ಲೆಕ್ಕ ಬದಲಾಯಿತು. 1955ರಲ್ಲಿ ಮೈಕಲ್ ಬ್ಯೂನೊಕೋರ್, ಹಲ್ಲಿನ ಹೊರಪದರವಾದ ಎನಾಮೆಲಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಅದರ ಮೈ ತರಿತರಿಯಾಗಿ ರಾಳ ಗಟ್ಟಿಯಾಗಿ ಅಂಟುತ್ತದೆ ಎಂದು ತೋರಿಸಿದರು. 1962ರಲ್ಲಿ ರಾಫೆಲ್ ಬೋವೆನ್ ಇಂದಿನ ಹಲ್ಲಿನ ಬಣ್ಣದ ಕಾಂಪೋಸಿಟ್‌ಗೆ ತಳಹದಿಯಾದ ರಾಳಕ್ಕೆ ಪೇಟೆಂಟ್ ಪಡೆದರು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಅಲನ್ ವಿಲ್ಸನ್ ಮತ್ತು ಬ್ರಿಯಾನ್ ಕೆಂಟ್ ಗ್ಲಾಸ್ ಅಯಾನೊಮರ್ ಸಿಮೆಂಟನ್ನು ಜಗತ್ತಿಗೆ ಪರಿಚಯಿಸಿದರು. ಇದು ಒದ್ದೆ ಹಲ್ಲಿಗೂ ಅಂಟುತ್ತದೆ, ಫ್ಲೋರೈಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಇವು ಬಂದ ಮೇಲೆ ಹುಳುಕು ಇರುವಷ್ಟೇ ಜಾಗ ತೆಗೆದು ಮುಚ್ಚುವುದು ಸಾಧ್ಯವಾಯಿತು.

ಅಮಾಲ್ಗಮ್‌ನ ದಿನಗಳೂ ಮುಗಿಯುತ್ತ ಬಂದಿವೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಆದ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಹಲ್ಲಿಗೆ ಅಮಾಲ್ಗಮ್ ತುಂಬುವುದನ್ನು ಬಹುತೇಕ ನಿಲ್ಲಿಸಿದೆ.

ಒಮ್ಮೆ ಕೊರೆದ ಹಲ್ಲಿನ ಮುಂದಿನ ಕತೆಯನ್ನೂ ಗಮನಿಸಬೇಕು. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಸಣ್ಣ ಫಿಲ್ಲಿಂಗ್ ಕೆಲವು ವರ್ಷಕ್ಕೆ ಸವೆದು ಅಥವಾ ಸಡಿಲಾಗಿ ಬಿದ್ದರೆ ಅದರ ಜಾಗಕ್ಕೆ ದೊಡ್ಡದು ಬರುತ್ತದೆ; ಆಮೇಲೆ ಹಲ್ಲಿನ ಮೂಲೆ ಮುರಿಯುತ್ತದೆ; ಆಮೇಲೆ ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಕೀಳುವುದು. ಈ ಸರಪಳಿಯ ಮೊದಲ ಕೊಂಡಿಯನ್ನು ತಡೆದಷ್ಟು ವರ್ಷ, ಮುಂದಿನದೆಲ್ಲ ಅಷ್ಟು ವರ್ಷ ಹಿಂದಕ್ಕೆ ಹೋಗುತ್ತದೆ. ಮಿತ ಕೊರೆತದ ಹಿಂದಿನ ಮುಖ್ಯ ವಾದ ಇದೇ.

ಹುಳುಕಿನ ಹಂತಗಳು

ಹುಳುಕು ಎಂಬ ಹೆಸರಿದ್ದರೂ ಹಲ್ಲಿನೊಳಗೆ ಹುಳುವಿಲ್ಲ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲೀಯತೆಯ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲಿನಿಂದ ಸುಣ್ಣದಂಶ ಕರಗಿ ಹೊರಗೆ ಹೋಗುತ್ತದೆ. ಅರ್ಧದಿಂದ ಒಂದು ಗಂಟೆಯೊಳಗೆ ಜೊಲ್ಲು ಆ ಆಮ್ಲವನ್ನು ತಣಿಸಿ, ಕಳೆದ ಸುಣ್ಣದಂಶವನ್ನು ತಕ್ಕಮಟ್ಟಿಗೆ ಮರಳಿ ತುಂಬುತ್ತದೆ. ಈ ಕೊಡು-ಕೊಳ್ಳುವಿಕೆ ದಿನವಿಡೀ ನಡೆಯುತ್ತದೆ. ಆಫೀಸಿನಲ್ಲಿ ಬೆಳಗಿನಿಂದ ಸಂಜೆಯ ತನಕ ಐದಾರು ಸಲ ಸಿಹಿ ಕಟಿಂಗ್ ಚಹಾ, ನಡುನಡುವೆ ಬಿಸ್ಕೆಟ್ ಎಂದಾದರೆ ಜೊಲ್ಲಿಗೆ ರಿಪೇರಿಯ ಬಿಡುವೇ ಸಿಗುವುದಿಲ್ಲ. ಒಟ್ಟು ಎಷ್ಟು ಸಕ್ಕರೆ ಎಂಬುದರಷ್ಟೇ ದಿನಕ್ಕೆ ಎಷ್ಟು ಸಲ ಎಂಬುದೂ ಮುಖ್ಯವಾಗುವುದು ಇದರಿಂದ.

ಮೊದಲ ಹಂತದಲ್ಲಿ ಹಲ್ಲಿನ ಮೇಲೆ ಹೊಳಪಿಲ್ಲದ ಬಿಳಿ ಮಚ್ಚೆ ಕಾಣುತ್ತದೆ. ಮೇಲ್ಮೈ ಇನ್ನೂ ಒಡೆದಿರುವುದಿಲ್ಲ; ಇದನ್ನು ಹಿಂದಕ್ಕೆ ತಿರುಗಿಸಬಹುದು. ಎರಡನೆಯ ಹಂತದಲ್ಲಿ ಮೇಲ್ಮೈ ಕುಸಿದು ಕುಳಿ ಬೀಳುತ್ತದೆ, ಹುಳುಕು ಒಳಗಿನ ಡೆಂಟಿನ್‌ಗೆ ಇಳಿಯುತ್ತದೆ. ಮೂರನೆಯ ಹಂತದಲ್ಲಿ ನರ ಮತ್ತು ರಕ್ತನಾಳಗಳಿರುವ ತಿರುಳಿನ ಹತ್ತಿರ ಬರುತ್ತದೆ. ಕೊನೆಗೆ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

ಹಂತ ಗುರುತಿಸಲು ಹಲ್ಲನ್ನು ಶುಚಿಮಾಡಿ, ಗಾಳಿಯಿಂದ ಒಣಗಿಸಿ, ಬೆಳಕಿನಲ್ಲಿ ನೋಡುವುದೇ ಮೊದಲ ಹೆಜ್ಜೆ. ಒದ್ದೆ ಹಲ್ಲಿನಲ್ಲಿ ಕಾಣದ ಬಿಳಿ ಮಚ್ಚೆ ಒಣಗಿದ ಹಲ್ಲಿನಲ್ಲಿ ಎದ್ದು ಕಾಣುತ್ತದೆ. ಎರಡು ಹಲ್ಲುಗಳ ನಡುವಿನ ಹುಳುಕಿಗೆ ಬೈಟ್‌ವಿಂಗ್ ಎಂಬ ಸಣ್ಣ ಎಕ್ಸ್‌ರೇ ಬೇಕು. ಚೂಪಾದ ಸೂಜಿಯಿಂದ ಒತ್ತಿ ‘ಸಿಕ್ಕಿಕೊಳ್ಳುತ್ತದೆಯೇ’ ಎಂದು ನೋಡುವ ಹಳೆಯ ಪರೀಕ್ಷೆ ಈಗ ಸಲ್ಲದು. ಮೆತ್ತಗಾದ ಎನಾಮೆಲ್ ಆ ಒತ್ತಿಗೇ ಒಡೆದು, ಇಲ್ಲದ ಕುಳಿ ಆಗಿಬಿಡಬಹುದು. ಸಂದಿನಲ್ಲಿ ಕಪ್ಪು ಗೆರೆ ಕಂಡಮಾತ್ರಕ್ಕೆ ಹುಳುಕೆಂದು ತೀರ್ಮಾನಿಸುವುದೂ ತಪ್ಪು. ಅದು ಚಹಾ ಕಲೆಯೋ ಎಂದೋ ನಿಂತುಹೋದ ಹಳೆಯ ಹುಳುಕೋ ಇರಬಹುದು.

ಕುಳಿ ಬೀಳುವ ಮುನ್ನ

ಈ ಹಂತದ ಚಿಕಿತ್ಸೆಗಳಿಗೆ ಪುರಾವೆ ಗಟ್ಟಿಯಾಗಿದೆ, ಖರ್ಚೂ ಕಡಿಮೆ.

ಫ್ಲೋರೈಡ್ ಪೇಸ್ಟ್: ಭಾರತದಲ್ಲಿ ಮಾರುವ ಪೇಸ್ಟಿನಲ್ಲಿ ಫ್ಲೋರೈಡ್ 1,000 ಪಿಪಿಎಂ ಮೀರುವಂತಿಲ್ಲ, ಅದರ ಪ್ರಮಾಣವನ್ನು ಟ್ಯೂಬಿನ ಮೇಲೆ ಬರೆದಿರಬೇಕು. ‘ಹರ್ಬಲ್’ ಎಂದು ಮಾರುವ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ನವಿ ಮುಂಬಯಿಗೆ ಬರುವ ಮೋರ್ಬೆ ಅಣೆಕಟ್ಟಿನ ನೀರು ಮಳೆಯಿಂದ ಸೇರಿದ ಮೇಲ್ಮೈ ನೀರು. ಕೊಳವೆಬಾವಿಯಂತೆ ಬಂಡೆಯ ಫ್ಲೋರೈಡ್ ಹೀರಿಕೊಂಡದ್ದಲ್ಲ. ಹಾಗಾಗಿ ಇಲ್ಲಿಯವರಿಗೆ ಪೇಸ್ಟೇ ಮುಖ್ಯ ಆಸರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ದಿನಕ್ಕೆ ಎರಡು ಸಲ ಉಜ್ಜಿ, ನೊರೆ ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಫ್ಲೋರೈಡ್ ವಾರ್ನಿಷ್: ದಂತವೈದ್ಯರು ಆರು ತಿಂಗಳಿಗೊಮ್ಮೆ ಕುಂಚದಿಂದ ಹಚ್ಚುವ ಅಂಟು ಲೇಪ, ಫ್ಲೋರೈಡ್ 22,600 ಪಿಪಿಎಂ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯ ಪ್ರಕಾರ ಇದು ಶಾಶ್ವತ ಹಲ್ಲುಗಳ ಹುಳುಕನ್ನು ಸರಾಸರಿ ನೂರಕ್ಕೆ 43ರಷ್ಟು, ಹಾಲುಹಲ್ಲುಗಳದನ್ನು ನೂರಕ್ಕೆ 37ರಷ್ಟು ತಗ್ಗಿಸುತ್ತದೆ.

ಸೀಲೆಂಟ್: ಆರನೆಯ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಭಾವಿಸಿ ಅಲಕ್ಷಿಸುವ ಮನೆಗಳು ಬಹಳ. ಅದರ ಮೇಲಿನ ಆಳವಾದ ಸಂದುಗಳಿಗೆ ಬ್ರಷ್ಷಿನ ಎಳೆ ಇಳಿಯುವುದಿಲ್ಲ. ಆ ಸಂದುಗಳನ್ನು ಕೊರೆಯದೆಯೇ ತೆಳು ರಾಳ ಹರಿಸಿ ಮುಚ್ಚುವುದು ಸೀಲೆಂಟ್. 2017ರ ಕಾಕ್ರೇನ್ ವಿಮರ್ಶೆಯಲ್ಲಿ, ಏನೂ ಹಚ್ಚದ ಹಲ್ಲಿಗೆ ಹೋಲಿಸಿದರೆ ಎರಡು ವರ್ಷಗಳಲ್ಲಿ ಹುಳುಕು ನೂರಕ್ಕೆ 11ರಿಂದ 51ರಷ್ಟು ಕಡಿಮೆಯಾದದ್ದು ಕಂಡಿತು. ಹಲ್ಲು ಪೂರ್ತಿ ಹೊರಬಂದ ಕೂಡಲೇ, ಅಂದರೆ ಆರು-ಏಳು ಮತ್ತು ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ, ಹಾಕಿಸುವುದು ಸರಿ. ಅದು ಉದುರಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ರಾಳ ಇಂಗಿಸುವ ವಿಧಾನ: ಬರ್ಲಿನ್ ಮತ್ತು ಕೀಲ್ ನಗರಗಳ ಸಂಶೋಧನೆಯಿಂದ ಹುಟ್ಟಿ 2009ರಲ್ಲಿ ‘ಐಕಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಬಿಳಿ ಮಚ್ಚೆಯ ಮೇಲೆ ಶೇಕಡಾ 15ರ ಹೈಡ್ರೋಕ್ಲೋರಿಕ್ ಆಮ್ಲದ ಜೆಲ್ಲನ್ನು ಎರಡು ನಿಮಿಷ ಇಟ್ಟು ತೊಳೆದರೆ ಮೇಲಿನ ಗಟ್ಟಿ ಪೊರೆ ತೆರೆದುಕೊಳ್ಳುತ್ತದೆ. ಆಲ್ಕೋಹಾಲಿನಿಂದ ಒಣಗಿಸಿ ನೀರಿನಷ್ಟು ತೆಳುವಾದ ರಾಳ ಹಚ್ಚಿದಾಗ ಬತ್ತಿಗೆ ಎಣ್ಣೆ ಏರುವಂತೆ ಅದು ಎನಾಮೆಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ನೀಲಿ ಬೆಳಕು ಬಿಟ್ಟು ಗಟ್ಟಿಮಾಡಲಾಗುತ್ತದೆ. ಎರಡು ಹಲ್ಲುಗಳ ನಡುವಿನ ಎಳೆಯ ಹುಳುಕಿನ ಮೇಲೆ ಜರ್ಮನಿಯಲ್ಲಿ ನಡೆದ ಮೂರು ವರ್ಷಗಳ ಅಧ್ಯಯನದಲ್ಲಿ, ರಾಳ ಇಂಗಿಸಿದ ಕಡೆ ನೂರಕ್ಕೆ 4 ಹುಳುಕುಗಳು ಮುಂದುವರಿದರೆ ಇಂಗಿಸದ ಕಡೆ 42 ಮುಂದುವರಿದವು. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಚಿಕ್ಕದಾದರೂ ಆಮೇಲಿನ ವಿಮರ್ಶೆಗಳೂ ಇದೇ ದಿಕ್ಕನ್ನು ತೋರಿಸಿವೆ. ಕುಳಿ ಬಿದ್ದಮೇಲೆ ಈ ವಿಧಾನ ನಡೆಯುವುದಿಲ್ಲ.

ಹುಳುಕನ್ನು ನಿಲ್ಲಿಸುವ ಬೆಳ್ಳಿಯ ದ್ರವ

ಸಿಲ್ವರ್ ಡೈಅಮೈನ್ ಫ್ಲೋರೈಡ್, ಚಿಕ್ಕದಾಗಿ ಎಸ್‌ಡಿಎಫ್, ಜಪಾನಿನಲ್ಲಿ ಅರ್ಧ ಶತಮಾನದಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟ್ ಮತ್ತು ಗ್ಲಾಸ್ ಅಯಾನೊಮರ್ ಸಿಮೆಂಟಿನ ಜತೆ ಇದನ್ನೂ ಸೇರಿಸಿತು. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಸುಮಾರು 44,800 ಪಿಪಿಎಂ ಫ್ಲೋರೈಡ್ ಮೆತ್ತಗಾದ ಡೆಂಟಿನನ್ನು ಗಟ್ಟಿಮಾಡುತ್ತದೆ.

ಹಚ್ಚುವ ಕೆಲಸಕ್ಕೆ ಕೆಲವೇ ನಿಮಿಷ ಸಾಕು. ತುಟಿಗೂ ವಸಡಿಗೂ ವ್ಯಾಸಲೀನ್ ಸವರಿ, ಹಲ್ಲಿನ ಅಕ್ಕಪಕ್ಕ ಹತ್ತಿ ಇಟ್ಟು, ಕುಳಿಯೊಳಗಿನ ಆಹಾರ ತೆಗೆದು ಒಣಗಿಸಲಾಗುತ್ತದೆ. ಸಣ್ಣ ಕುಂಚದ ತುದಿ ದ್ರವದಲ್ಲಿ ಅದ್ದಿ ಕುಳಿಯ ಗೋಡೆಗೆ ಒಂದು ನಿಮಿಷ ಉಜ್ಜಿದರೆ ಆಯಿತು. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ. ನಾಲಿಗೆಗೆ ತಾಗಿದರೆ ಲೋಹದ ರುಚಿ ಬರುತ್ತದೆ. ಚರ್ಮಕ್ಕೆ ಬಿದ್ದರೆ ಒಂದೆರಡು ವಾರದಲ್ಲಿ ಮಾಸುವ ಕಂದು ಕಲೆ, ಬಟ್ಟೆಗೆ ಬಿದ್ದರೆ ಹೋಗದ ಕಲೆ.

ಹುಳುಕು ನಿಂತ ಗುರುತೂ ಕಪ್ಪು ಬಣ್ಣವೇ. ಹಳದಿ-ಕಂದು ಬಣ್ಣದ ಮೆತ್ತಗಿನ ಕುಳಿ ಕೆಲವು ದಿನಗಳಲ್ಲಿ ಮಸಿಯಂತೆ ಕಪ್ಪಾಗಿ ಗಟ್ಟಿಯಾಗುತ್ತದೆ. ಮುಂದಿನ ಹಲ್ಲಿಗೆ ಹಚ್ಚುವ ಮುನ್ನ ಪಾಲಕರಿಗೆ ಈ ಬಣ್ಣದ ಚಿತ್ರ ತೋರಿಸಿ ಒಪ್ಪಿಗೆ ಪಡೆಯಬೇಕು. ಅಮೆರಿಕದ ದಂತವೈದ್ಯಕೀಯ ಸಂಘದ 2018ರ ಮಾರ್ಗಸೂಚಿ, ಕುಳಿ ಬಿದ್ದ ಹಲ್ಲುಗಳಿಗೆ ಶೇಕಡಾ 38ರ ದ್ರಾವಣವನ್ನು ವರ್ಷಕ್ಕೆ ಎರಡು ಸಲ ಹಚ್ಚುವಂತೆ ಸೂಚಿಸುತ್ತದೆ. ಒಮ್ಮೆ ಹಚ್ಚಿ ಮರೆತರೆ ಫಲ ಇಳಿಯುತ್ತದೆ. ಬೆಳ್ಳಿ ಒಗ್ಗದವರಿಗೆ, ವಸಡಿನಲ್ಲಿ ಹುಣ್ಣಿರುವವರಿಗೆ, ತಾನಾಗಿಯೇ ನೋಯುವ ಹಲ್ಲಿಗೆ ಇದು ಸಲ್ಲದು. ಡ್ರಿಲ್ಲಿಗೆ ಹೆದರುವ ಮಗು, ಹಾಸಿಗೆ ಹಿಡಿದ ವೃದ್ಧರು, ಬೇರಿನ ಮೇಲೆ ಹುಳುಕಾದ ಇಳಿವಯಸ್ಸಿನವರು ಇದರ ಲಾಭ ಹೆಚ್ಚು ಪಡೆಯುವವರು.

ಹಾಲುಹಲ್ಲಿಗೆ ಕೊರೆಯದ ಕ್ಯಾಪ್

‘ಹೇಗೂ ಬೀಳುವ ಹಲ್ಲು’ ಎಂದು ಬಿಟ್ಟರೂ ಕಷ್ಟ, ಅಳುವ ಮಗುವನ್ನು ಹಿಡಿದು ಕೊರೆದರೂ ಕಷ್ಟ. ಇವೆರಡರ ನಡುವಿನ ದಾರಿ ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರಿಂದ ಬಂತು. ಹೆಸರೂ ಹಾಲ್ ತಂತ್ರ. ಹುಳುಕನ್ನು ತೆಗೆಯುವುದೇ ಇಲ್ಲ. ಸಿದ್ಧ ಸ್ಟೀಲ್ ಕ್ಯಾಪಿನೊಳಗೆ ಸಿಮೆಂಟ್ ತುಂಬಿ ದವಡೆಯ ಹಾಲುಹಲ್ಲಿನ ಮೇಲೆ ಒತ್ತಿ ಕೂರಿಸಲಾಗುತ್ತದೆ. ಹೊರಗಿನ ಸಕ್ಕರೆ ಸಿಗದ ಬ್ಯಾಕ್ಟೀರಿಯಾಗಳು ಸೊರಗಿ ಹುಳುಕು ನಿಲ್ಲುತ್ತದೆ.

ಪಕ್ಕದ ಹಲ್ಲುಗಳು ಒತ್ತಾಗಿದ್ದರೆ ಮೂರರಿಂದ ಐದು ದಿನ ಮೊದಲು ನಡುವೆ ಚಿಕ್ಕ ರಬ್ಬರ್ ಉಂಗುರ ಸಿಕ್ಕಿಸಿ ಜಾಗ ಮಾಡುತ್ತಾರೆ. ಕ್ಯಾಪ್ ಹಾಕುವ ದಿನ ಮಗು ನೆಟ್ಟಗೆ ಕುಳಿತಿರಬೇಕು. ಕ್ಯಾಪ್ ಜಾರಿ ಗಂಟಲಿಗೆ ಹೋಗದಂತೆ ಬಾಯಿಯ ಹಿಂಭಾಗಕ್ಕೆ ಗಾಜ್ ಬಟ್ಟೆ ಇಡುತ್ತಾರೆ. ವೈದ್ಯರು ಬೆರಳಿನಿಂದ ಒತ್ತಿದ ಮೇಲೆ ಮಗುವೇ ಗಟ್ಟಿಯಾಗಿ ಕಚ್ಚಿ ಅದನ್ನು ಕೂರಿಸುತ್ತದೆ. ಸುತ್ತಲಿನ ವಸಡು ಸ್ವಲ್ಪ ಬೆಳ್ಳಗಾಗಿ ಬಿಗಿದಂತೆ ಕಾಣುತ್ತದೆ, ಕಚ್ಚಿದಾಗ ಆ ಕಡೆ ಎತ್ತರವಾಗಿರುತ್ತದೆ. ಈ ಎತ್ತರ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಸ್ಕಾಟ್ಲೆಂಡಿನ ಟೇಸೈಡ್ ಪ್ರದೇಶದಲ್ಲಿ 132 ಮಕ್ಕಳೊಂದಿಗೆ ಆರಂಭವಾದ ಅಧ್ಯಯನದಲ್ಲಿ ಪ್ರತಿ ಮಗುವಿನ ಒಂದು ಹಲ್ಲಿಗೆ ಹಾಲ್ ಕ್ಯಾಪ್, ಇನ್ನೊಂದಕ್ಕೆ ಸಾಮಾನ್ಯ ಫಿಲ್ಲಿಂಗ್ ಹಾಕಲಾಯಿತು. ಐದು ವರ್ಷಗಳ ಲೆಕ್ಕದಲ್ಲಿ ನೋವು, ಕೀವಿನಂಥ ದೊಡ್ಡ ವೈಫಲ್ಯ ಕ್ಯಾಪಿನ ಕಡೆ ನೂರಕ್ಕೆ 3, ಫಿಲ್ಲಿಂಗಿನ ಕಡೆ 16.5. ಈಗಾಗಲೇ ಕೀವಾಗಿರುವ ಹಲ್ಲಿಗೆ ಮಾತ್ರ ಹಾಲ್ ಕ್ಯಾಪ್ ಹಾಕಬಾರದು. ಹುಳುಕಿಗೂ ತಿರುಳಿಗೂ ನಡುವೆ ಗಟ್ಟಿ ಡೆಂಟಿನ್ ಇದೆಯೆಂದು ಎಕ್ಸ್‌ರೇಯಲ್ಲಿ ಕಾಣಬೇಕು.

ಕೈ ಉಪಕರಣದಿಂದಷ್ಟೇ ಹುಳುಕು ಕೆರೆದು ಗ್ಲಾಸ್ ಅಯಾನೊಮರ್ ತುಂಬುವ ಎಆರ್‌ಟಿ ವಿಧಾನ 1980ರ ದಶಕದಲ್ಲಿ ವಿದ್ಯುತ್ತಿಲ್ಲದ ಟಾಂಜಾನಿಯಾ ಹಳ್ಳಿಗಳಿಗಾಗಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಅದನ್ನು ಎತ್ತಿಹಿಡಿಯಿತು. ಹಲ್ಲಿನ ಒಂದೇ ಮುಖದಲ್ಲಿರುವ ಕುಳಿಗೆ ಇದು ಚೆನ್ನಾಗಿ ಬಾಳುತ್ತದೆ. ಎರಡು-ಮೂರು ಮುಖಗಳಿಗೆ ಹರಡಿದ ಹಾಲುಹಲ್ಲಿನ ಕುಳಿಯಲ್ಲಿ ಸಿಮೆಂಟ್ ಬೇಗ ಉದುರುವುದು ಹೆಚ್ಚು. ಅಲ್ಲಿ ಹಾಲ್ ಕ್ಯಾಪ್ ಮೇಲು. ಗುಟ್ಕಾ, ಅಡಿಕೆ ಅಗಿದು ಬಾಯಿ ಪೂರ್ತಿ ತೆರೆಯಲಾಗದವರಿಗೂ ಕೈ ಉಪಕರಣದ ಈ ವಿಧಾನ ಒದಗುತ್ತದೆ.

ಇವುಗಳ ಮಿತಿಯೂ ಗೊತ್ತಿರಬೇಕು. ಬ್ರಿಟನ್ನಿನಲ್ಲಿ ಮೂರರಿಂದ ಏಳು ವರ್ಷದ 1,144 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಫಿಕ್ಷನ್’ ಎಂಬ ಅಧ್ಯಯನ, ಕೊರೆದು ತುಂಬುವುದು, ಹುಳುಕನ್ನು ಒಳಗೇ ಮುಚ್ಚುವುದು, ಬರೀ ಮುನ್ನೆಚ್ಚರಿಕೆ ಎಂಬ ಮೂರು ಕ್ರಮಗಳನ್ನು ಹೋಲಿಸಿತು. ಸುಮಾರು ಮೂರು ವರ್ಷಗಳಲ್ಲಿ ಮೂರೂ ಗುಂಪುಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಮಕ್ಕಳಿಗೆ ಹಲ್ಲುನೋವೋ ಸೋಂಕೋ ಆಯಿತು. ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕುಳಿ ಬಿದ್ದ ಮೇಲೆ ಯಾವ ವಿಧಾನವೂ ಪವಾಡ ಮಾಡುವುದಿಲ್ಲ ಎಂಬುದೂ, ಫಲ ಒಂದೇ ಆಗಿರುವಲ್ಲಿ ಮಗುವಿಗೆ ಹಗುರವಾದದ್ದನ್ನು ಆರಿಸಿಕೊಳ್ಳಬಹುದು ಎಂಬುದೂ ಇದರಿಂದ ತಿಳಿಯುತ್ತದೆ.

ಆಳದ ಹುಳುಕು: ಎಲ್ಲವನ್ನೂ ತೆಗೆಯಬೇಕಿಲ್ಲ

ದೊಡ್ಡವರ ಹಲ್ಲಿನಲ್ಲಿ ಅತಿ ದೊಡ್ಡ ಬದಲಾವಣೆ ಇಲ್ಲಿ ಆಗಿದೆ. ಕುಳಿಯ ತಳ ಗಟ್ಟಿಯಾಗುವ ತನಕ ಹುಳುಕನ್ನೆಲ್ಲ ಕೆರೆಯಬೇಕು ಎಂಬುದು ಹಳೆಯ ಪಾಠ. ಹಾಗೆ ಕೆರೆಯುತ್ತ ಹೋದರೆ ಒಮ್ಮೊಮ್ಮೆ ತಿರುಳು ತೆರೆದುಕೊಂಡು, ನೋವಿಲ್ಲದೆ ಬಂದವರು ರೂಟ್ ಕೆನಾಲಿಗೆ ಕುಳಿತುಕೊಳ್ಳಬೇಕಾಗುತ್ತಿತ್ತು. ಈಗಿನ ಕ್ರಮದಲ್ಲಿ ಕುಳಿಯ ಅಂಚನ್ನು ಪೂರ್ತಿ ಶುಚಿಮಾಡುತ್ತಾರೆ. ಫಿಲ್ಲಿಂಗ್ ಬಿಗಿಯಾಗಿ ಅಂಟಬೇಕಾದದ್ದು ಅಲ್ಲಿ. ತಿರುಳಿನ ಮೇಲಿನ ತಳದಲ್ಲಿ ಮಾತ್ರ ಸ್ವಲ್ಪ ಮೆತ್ತಗಿನ ಡೆಂಟಿನ್ ಬಿಟ್ಟು ಮುಚ್ಚುತ್ತಾರೆ. ಗಾಳಿ-ಆಹಾರ ಇಲ್ಲದೆ ಉಳಿದ ಹುಳುಕು ನಿಲ್ಲುತ್ತದೆ, ತಿರುಳು ಒಳಗಿನಿಂದ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ.

2013ರ ಕಾಕ್ರೇನ್ ವಿಮರ್ಶೆ, ನೋವಿಲ್ಲದ ಜೀವಂತ ಹಲ್ಲುಗಳಲ್ಲಿ ಹೀಗೆ ಭಾಗಶಃ ತೆಗೆದಾಗ ತಿರುಳು ತೆರೆದುಕೊಳ್ಳುವ ಸಂಭವ ನೂರಕ್ಕೆ 77ರಷ್ಟು ಇಳಿಯುತ್ತದೆ ಎಂದು ಕಂಡಿತು. 2016ರ ಅಂತರರಾಷ್ಟ್ರೀಯ ತಜ್ಞರ ಒಮ್ಮತವೂ 2023ರ ಅಮೆರಿಕದ ಮಾರ್ಗಸೂಚಿಯೂ ಇದನ್ನೇ ಶಿಫಾರಸು ಮಾಡಿವೆ. ಫಿಲ್ಲಿಂಗಿನ ಕೆಳಗೆ ಕಪ್ಪು ನೆರಳು ಎಕ್ಸ್‌ರೇಯಲ್ಲಿ ಉಳಿದು ಕಾಣಬಹುದು. ಅದು ಬೇಕೆಂದೇ ಬಿಟ್ಟದ್ದು ಎಂಬ ಟಿಪ್ಪಣಿ ರೋಗಿಯ ಕಾಗದದಲ್ಲಿ ಇರಬೇಕು. ಇಲ್ಲದಿದ್ದರೆ ಇನ್ನೊಬ್ಬ ವೈದ್ಯರು ಅದನ್ನು ಹೊಸ ಹುಳುಕೆಂದು ತಿಳಿದು ಮತ್ತೆ ಕೊರೆಯುತ್ತಾರೆ.

ತಿರುಳು ತೆರೆದುಕೊಂಡರೂ ರೂಟ್ ಕೆನಾಲ್ ಒಂದೇ ದಾರಿಯಲ್ಲ. 1990ರ ದಶಕದಲ್ಲಿ ಬಂದ ಎಂಟಿಎ ಮತ್ತು ಆಮೇಲೆ ಬಂದ ಬಯೊಡೆಂಟಿನ್‌ನಂಥ ಸಿಮೆಂಟುಗಳಿಂದ ತಿರುಳನ್ನು ಮುಚ್ಚಬಹುದು, ಅಥವಾ ಕೆಟ್ಟ ಮೇಲ್ಭಾಗವನ್ನಷ್ಟೇ ತೆಗೆದು ಬೇರಿನೊಳಗಿನ ತಿರುಳನ್ನು ಜೀವಂತ ಉಳಿಸಬಹುದು. ಇದಕ್ಕೆ ಪಲ್ಪಾಟಮಿ ಎಂದು ಹೆಸರು. ತೀವ್ರ ನೋವಿದ್ದ ದವಡೆ ಹಲ್ಲುಗಳ ಮೇಲೆ ಇರಾನಿನಲ್ಲಿ ನಡೆದ ಅಧ್ಯಯನದಲ್ಲಿ ಐದು ವರ್ಷಗಳ ಬಳಿಕ ಪಲ್ಪಾಟಮಿ ಮತ್ತು ರೂಟ್ ಕೆನಾಲ್‌ಗಳ ಫಲ ಹೆಚ್ಚುಕಡಿಮೆ ಸಮವಾಗಿತ್ತು. ತಿರುಳು ಪೂರ್ತಿ ಸತ್ತಿದ್ದರೆ ಮಾತ್ರ ರೂಟ್ ಕೆನಾಲಿಗೆ ಬದಲಿಲ್ಲ.

ಹಳೆಯ ಫಿಲ್ಲಿಂಗ್, ಕ್ಯಾಪ್, ಫ್ಲೋರೈಡ್ ಕಲೆ

ಹಳೆಯ ಫಿಲ್ಲಿಂಗಿನ ಅಂಚು ಕಪ್ಪಾಗಿದೆ, ಒಂದು ಮೂಲೆ ಚಕ್ಕೆ ಎದ್ದಿದೆ ಎಂದರೆ ಪೂರ್ತಿ ಕಿತ್ತು ಹೊಸದು ಹಾಕಬೇಕೆಂದಿಲ್ಲ. ಕೆಟ್ಟ ಅಂಚನ್ನಷ್ಟೇ ತೆಗೆದು ತೇಪೆ ಹಾಕಬಹುದು, ಹೊಳಪು ಕೊಟ್ಟು ಬಿಡಬಹುದು. ಫಿಲ್ಲಿಂಗ್ ಬದಲಿಸಿದಾಗಲೆಲ್ಲ ಕುಳಿ ಒಂದಿಷ್ಟು ದೊಡ್ಡದಾಗುತ್ತದೆ.

ಕ್ಯಾಪಿಗೆ ಹಲ್ಲನ್ನು ಎಷ್ಟು ಅರೆಯಬೇಕಾಗುತ್ತದೆ ಎಂಬುದನ್ನು 2002ರ ಒಂದು ಅಧ್ಯಯನ ತೂಕ ಮಾಡಿ ನೋಡಿತು. ಮುಂದಿನ ಹಲ್ಲಿಗೆ ಪೂರ್ಣ ಕ್ಯಾಪ್ ಹಾಕಲು ಹೊರಗೆ ಕಾಣುವ ಹಲ್ಲಿನ ನೂರಕ್ಕೆ 63ರಿಂದ 72 ಭಾಗ ಹೋಗುತ್ತದೆ. ವಿನೀರ್ ಎಂಬ ತೆಳು ಹಾಳೆಗೆ 3ರಿಂದ 30 ಭಾಗ. ಬರೀ ಬಣ್ಣಕ್ಕಾಗಿ ಕ್ಯಾಪ್ ಹಾಕಿಸುವವರು ಈ ಅಂಕಿ ನೆನಪಿಡಬೇಕು.

ಗದಗ, ರಾಯಚೂರು, ವಿಜಯಪುರ, ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದು ವಾಶಿ, ತುರ್ಭೆ, ಕೋಪರ್‌ಖೈರಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಹೆಚ್ಚು ಸಂಬಂಧಿಸಿದೆ. ಎಂಟು ವರ್ಷದೊಳಗೆ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಹೆಚ್ಚಾದರೆ ಬಿಳಿ, ಹಳದಿ, ಕಂದು ಪಟ್ಟೆಗಳು ಮೂಡುತ್ತವೆ; ಊರು ಬಿಟ್ಟರೂ ಕಲೆ ಬಿಡುವುದಿಲ್ಲ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿ.ಗ್ರಾಂ., ಬೇರೆ ಮೂಲವಿಲ್ಲದಲ್ಲಿ 1.5. ಇಂಥ ಹಲ್ಲಿಗೆ ಮೊದಲು ಬ್ಲೀಚಿಂಗ್, ಆಮ್ಲ ಮತ್ತು ನುಣುಪು ಪುಡಿಯಿಂದ ಮೇಲ್ಪದರ ಉಜ್ಜುವ ಮೈಕ್ರೊಅಬ್ರೇಶನ್, ರಾಳ ಇಂಗಿಸುವುದು, ಇವುಗಳನ್ನು ಒಂದೊಂದಾಗಿಯೋ ಜತೆಯಾಗಿಯೋ ಮಾಡಿ ನೋಡಬಹುದು. ಬಿಳಿ ಕಲೆಗೆ ಫಲ ಚೆನ್ನಾಗಿದೆ. ಗುಳಿ ಬಿದ್ದ ಗಾಢ ಕಂದು ಹಲ್ಲಿಗೆ ಕಾಂಪೋಸಿಟ್ ಅಥವಾ ವಿನೀರ್ ಬೇಕಾಗಬಹುದು.

ವಸಡಿನ ರೋಗದಲ್ಲೂ ಕ್ರಮ ಇದೇ. ಐರೋಪ್ಯ ವಸಡು ತಜ್ಞರ 2020ರ ಮಾರ್ಗಸೂಚಿಯಂತೆ ಮೊದಲು ಬ್ರಷ್ ಮಾಡುವ ಬಗೆ ತಿದ್ದುವುದು ಮತ್ತು ತಂಬಾಕು ಬಿಡಿಸುವುದು, ಆಮೇಲೆ ವಸಡಿನ ಕೆಳಗಿನ ಕಿಟ್ಟ ತೆಗೆಯುವುದು. ಕೆಲವು ವಾರ ಕಾದು ಮತ್ತೆ ಅಳೆದಾಗಲೂ ಹಲ್ಲಿಗೂ ವಸಡಿಗೂ ನಡುವೆ 6 ಮಿ.ಮೀ. ಅಥವಾ ಹೆಚ್ಚು ಆಳದ ಸಂಚಿ ಉಳಿದಿದ್ದರೆ ಮಾತ್ರ ವಸಡು ಬಿಡಿಸುವ ಶಸ್ತ್ರಚಿಕಿತ್ಸೆಯ ಮಾತು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲಾಗುತ್ತದೆ ಎಂಬುದು ತಪ್ಪು ನಂಬಿಕೆ.

ಪುರಾವೆ ಇನ್ನೂ ಸಾಲದ್ದು

ಲೇಸರ್ ಹೆಸರು ಆಕರ್ಷಕ. 2016ರ ಕಾಕ್ರೇನ್ ವಿಮರ್ಶೆಯಲ್ಲಿ ಲೇಸರ್ ಬಳಸಿದಾಗ ನೋವು ಮತ್ತು ಇಂಜೆಕ್ಷನ್ನಿನ ಅಗತ್ಯ ಕಡಿಮೆ ಎಂದು ಕಂಡರೂ, ಹುಳುಕು ತೆಗೆಯಲು ಡ್ರಿಲ್ಲಿಗಿಂತ ಮೇಲೆನ್ನಲು ಅಧ್ಯಯನಗಳ ಗುಣಮಟ್ಟ ಸಾಲಲಿಲ್ಲ. ಓಝೋನ್ ಅನಿಲ ಬಿಟ್ಟು ಹುಳುಕು ನಿಲ್ಲಿಸುವ ಮಾತಿಗೆ ನಂಬುವಂಥ ಆಧಾರ ಸಿಕ್ಕಿಲ್ಲ. ಪರಂಗಿಕಾಯಿಯ ಪಪೈನ್ ಇರುವ ಜೆಲ್‌ನಿಂದ ಹುಳುಕು ಮೆತ್ತಗಾಗಿಸಿ ಕೆರೆಯುವುದು ಹೆದರುವ ಮಕ್ಕಳಿಗೆ ಹಿತವಾಗಿರುತ್ತದೆ, ಆದರೆ ಡ್ರಿಲ್ಲಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಪುಡಿ ಚಿಮ್ಮಿಸಿ ಕೊರೆಯುವ ಏರ್ ಅಬ್ರೇಶನ್ ಸಣ್ಣ ಸಂದುಗಳಿಗಷ್ಟೇ. ಇವುಗಳಿಗಾಗಿ ಹೆಚ್ಚು ಹಣ ಕೇಳಿದಾಗ, ಸಾಧಾರಣ ವಿಧಾನಕ್ಕಿಂತ ಇದು ಹಲ್ಲಿನ ಆಯಸ್ಸಿಗೆ ಏನು ಸೇರಿಸುತ್ತದೆ ಎಂದು ವಿಚಾರಿಸುವುದು ತಕ್ಕದ್ದು.

ವಾಶಿಯಿಂದ ಎಲ್ಲಿಗೆ

ಎರಡನೆಯ ಅಭಿಪ್ರಾಯಕ್ಕೂ ಕಡಿಮೆ ಖರ್ಚಿಗೂ ದಂತವೈದ್ಯಕೀಯ ಕಾಲೇಜುಗಳು ಅನುಕೂಲ. ಹಾರ್ಬರ್ ಮಾರ್ಗದಲ್ಲಿ ವಾಶಿಯಿಂದ ಮೂರನೆಯ ನಿಲ್ದಾಣ ನೆರೂಳ್, ಅಲ್ಲಿ ಡಿ. ವೈ. ಪಾಟೀಲ್ ಮತ್ತು ತೆರ್ಣಾ ಕಾಲೇಜುಗಳಿವೆ. ಸಿಬಿಡಿ ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್ಘರ್‌ನಲ್ಲಿ ವೈಎಂಟಿ, ಕಾಮೋಠೆಯಲ್ಲಿ ಎಂಜಿಎಂ. ಡೊಂಬಿವಿಲಿ, ಕಲ್ಯಾಣದವರು ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ ಹಿಡಿಯಬೇಕು. ನೆರೂಳ್ ಅಥವಾ ಪನವೇಲ್ ಗಾಡಿಯಾದರೆ ವಾಶಿಗೆ ಹೋಗದೆ ನೇರ ನೆರೂಳ್ ತಲುಪಬಹುದು. ಮುಂಬಯಿ ಕಡೆ ಸಿಎಸ್‌ಎಂಟಿ ಹತ್ತಿರ ಸರಕಾರಿ ದಂತವೈದ್ಯಕೀಯ ಕಾಲೇಜು, ಮುಂಬಯಿ ಸೆಂಟ್ರಲ್ ಹತ್ತಿರ ಮಹಾನಗರ ಪಾಲಿಕೆಯ ನಾಯರ್ ದಂತವೈದ್ಯಕೀಯ ಕಾಲೇಜು ಇವೆ.

ಕೇಸ್ ಪೇಪರ್ ಮಾಡಿಸಿದ ಮೇಲೆ ಮೊದಲು ತಪಾಸಣಾ ವಿಭಾಗ, ಅಲ್ಲಿಂದ ಮಕ್ಕಳಾದರೆ ಪೀಡೊ ವಿಭಾಗ, ದೊಡ್ಡವರ ಹುಳುಕಾದರೆ ಕನ್ಸರ್ವೇಟಿವ್ ವಿಭಾಗ, ವಸಡಾದರೆ ಪೆರಿಯೊ ವಿಭಾಗ. ಕೆಲಸ ವಿದ್ಯಾರ್ಥಿಗಳದ್ದಾದರೂ ಮೇಲ್ವಿಚಾರಣೆ ಪ್ರಾಧ್ಯಾಪಕರದು. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಹಳೆಯ ಎಕ್ಸ್‌ರೇ, ಮಾತ್ರೆಗಳ ಚೀಟಿ ಜತೆಗಿರಬೇಕು.

ಕೊರೆಯುವ ಮುನ್ನ ಕೇಳಬೇಕಾದದ್ದು

1. ಹುಳುಕು ಎನಾಮೆಲಿನಲ್ಲಿದೆಯೇ, ಡೆಂಟಿನ್‌ಗೆ ಇಳಿದಿದೆಯೇ? ಮೇಲ್ಮೈ ಒಡೆದಿದೆಯೇ?
2. ಅದು ಬೆಳೆಯುತ್ತಿದೆಯೇ, ನಿಂತಿದೆಯೇ? ಆರು ತಿಂಗಳು ಕಾದು ನೋಡಬಹುದೇ?
3. ವಾರ್ನಿಷ್, ಸೀಲೆಂಟ್, ಎಸ್‌ಡಿಎಫ್‌ನಿಂದ ನಿಲ್ಲಿಸಲು ಸಾಧ್ಯವೇ?
4. ತಿರುಳು ಜೀವಂತವಾಗಿದೆಯೇ? ತಣ್ಣಗಿನದನ್ನು ತಾಗಿಸಿ ನೋಡುವ ಪರೀಕ್ಷೆ ಮಾಡಲಾಗಿದೆಯೇ?
5. ಹಳೆಯ ಫಿಲ್ಲಿಂಗಿಗೆ ತೇಪೆ ಸಾಕೇ?
6. ಕ್ಯಾಪ್ ಹಾಕದಿದ್ದರೆ ಏನಾಗುತ್ತದೆ?
7. ಮುಂದಿನ ತಪಾಸಣೆ ಯಾವಾಗ?

ಕೊನೆಯ ಪ್ರಶ್ನೆ ಉಳಿದವುಗಳಷ್ಟೇ ಮುಖ್ಯ. ಕೊರೆಯದೆ ಬಿಟ್ಟ ಹುಳುಕನ್ನು ಕಾಯಬೇಕು. ಹೆಚ್ಚು ಹುಳುಕಿರುವವರು ಮೂರರಿಂದ ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು. ಅಷ್ಟು ಸಲ ಬರಲಾಗದವರಿಗೆ ಕೆಲವೊಮ್ಮೆ ಫಿಲ್ಲಿಂಗೇ ಸುರಕ್ಷಿತ.

ಕಾಯಬಾರದ ಲಕ್ಷಣಗಳೂ ಇವೆ. ರಾತ್ರಿ ಎಚ್ಚರಗೊಳಿಸುವ ನೋವು, ಬಿಸಿ ತಾಗಿದ ಮೇಲೆ ಬಹಳ ಹೊತ್ತು ಉಳಿಯುವ ಸೆಳೆತ, ವಸಡಿನಲ್ಲಿ ಕೀವುಗುಳ್ಳೆ ಕಂಡರೆ ಒಂದೆರಡು ದಿನಗಳಲ್ಲಿ ದಂತವೈದ್ಯರನ್ನು ಕಾಣಬೇಕು. ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು, ಉಸಿರಾಡಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕು.